ಕರೆಂಟ್ ಹೋದಾಗ ಲೈವ್ ಮೈಗ್ರೇಶನ್: ಸಮ್ಮೇಳನದಲ್ಲಿ ಮಂಡಿಸಿದ ವಿಷಯ

ಬೆಂಗಳೂರಿನಲ್ಲಿ ನಡೆದ ವರ್ಚುವಲೈಸೇಶನ್ ತಂತ್ರಜ್ಞಾನದ ಸಮ್ಮೇಳನದಲ್ಲಿ ಈ ಸಲ ನಾನೂ ಒಂದು ವಿಷಯ ಮಂಡಿಸಿದೆ. ಓಡುತ್ತಿರುವ ವರ್ಚುವಲ್ ಮೆಷಿನ್ನನ್ನು (ಸರ್ವರಿನೊಳಗೆ ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರನ್ನು) ನಿಲ್ಲಿಸದೆಯೇ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವ ಲೈವ್ ಮೈಗ್ರೇಶನ್ ದೊಡ್ಡ ಡೇಟಾ ಸೆಂಟರುಗಳಲ್ಲಿ ದಿನನಿತ್ಯದ ಕೆಲಸ. ಆದರೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಕೈಕೊಡುವ ಕೊಡಗಿನಲ್ಲಿ ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ನನ್ನ ಮಂಡನೆಯ ವಿಷಯವಾಗಿತ್ತು. ಅಲ್ಲಿ ಹೇಳಿದ್ದನ್ನೂ ಸಮಯ ಸಾಲದೆ ಬಿಟ್ಟಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಗೋಣಿಕೊಪ್ಪದ ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ (ಕಾಫಿ ಸಂಸ್ಕರಣಾ ಘಟಕದ) ಸರ್ವರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಒಂದು ಸರ್ವರ್ ಕಚೇರಿಯಲ್ಲಿದೆ. ಇನ್ನೊಂದು ಕಾಫಿ ಒಣಗಿಸುವ ಕಣದ ಆಚೆ, ಜನರೇಟರ್ ಸಂಪರ್ಕವಿರುವ ಗೋದಾಮಿನಲ್ಲಿದೆ. ಎರಡರಲ್ಲೂ ಲಿನಕ್ಸ್ ಮತ್ತು ಅದರ ಮೇಲೆ ವರ್ಚುವಲ್ ಮೆಷಿನ್‌ಗಳನ್ನು ಓಡಿಸುವ ಕೆವಿಎಂ ಇದೆ. ನಡುವೆ ಇರುವುದು ಸೆಕೆಂಡಿಗೆ 100 ಮೆಗಾಬಿಟ್‌ನ ಸಂಪರ್ಕ ಮಾತ್ರ. ಬೆಳೆಗಾರರು ತಂದ ಚೀಲಗಳ ತೂಕ, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ದೊರೆಯುವ ಬೀಜದ ಪ್ರಮಾಣ), ಹಣ ಪಾವತಿ ಎಲ್ಲವೂ 4 ಗಿಗಾಬೈಟ್ ಮೆಮೊರಿಯ ಒಂದು ವರ್ಚುವಲ್ ಮೆಷಿನ್ನಿನೊಳಗಿನ ಡೇಟಾಬೇಸಿನಲ್ಲಿದೆ. ಕಚೇರಿಯಲ್ಲಿ ಕರೆಂಟ್ ಹೋದರೆ ಯುಪಿಎಸ್ ಸುಮಾರು ಇಪ್ಪತ್ತು ನಿಮಿಷ ತಡೆಯುತ್ತದೆ. ಅಷ್ಟರೊಳಗೆ ಆ ಮೆಷಿನ್ ಗೋದಾಮಿನ ಸರ್ವರಿಗೆ ಹೋಗಿ ಮುಟ್ಟಬೇಕು. ಡಿಸ್ಕಿನ ಪ್ರತಿಯನ್ನು ಎರಡೂ ಕಡೆ ಮೊದಲೇ ಸಮನಾಗಿ ಇಟ್ಟಿರುವುದರಿಂದ ಸಾಗಬೇಕಾದದ್ದು ಮೆಮೊರಿ ಮಾತ್ರ.

ಈ ವಿದ್ಯೆ ಹೊಸದಲ್ಲ. 2005ರಲ್ಲಿಯೇ ಕೇಂಬ್ರಿಜ್ ಮತ್ತು ಕೋಪನ್‌ಹೇಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಕ್ಸೆನ್ ಎಂಬ ಹೈಪರ್‌ವೈಸರ್ (ವರ್ಚುವಲ್ ಮೆಷಿನ್‌ಗಳನ್ನು ಓಡಿಸುವ ತಂತ್ರಾಂಶ) ಮೇಲೆ ಇದನ್ನು ಮಾಡಿ, ಸೇವೆ ನಿಲ್ಲುವ ಅವಧಿಯನ್ನು 60 ಮಿಲಿಸೆಕೆಂಡಿನಷ್ಟು ಕಡಿಮೆಗೆ ಇಳಿಸಬಹುದೆಂದು ತೋರಿಸಿದ್ದರು. ಕೆವಿಎಂ 2007ರ ಫೆಬ್ರವರಿಯಲ್ಲಿ ಲಿನಕ್ಸ್ 2.6.20ರ ಜೊತೆ ಬಂದಿತು. ಎರಡರಲ್ಲೂ ಮೂಲ ಕ್ರಮ ಒಂದೇ. ಮೆಷಿನ್ ಓಡುತ್ತಿರುವಾಗಲೇ ಮೆಮೊರಿಯ ಪೇಜ್‌ಗಳನ್ನೆಲ್ಲ, ಅಂದರೆ ಮೆಮೊರಿಯ ಸಣ್ಣ ಸಣ್ಣ ತುಂಡುಗಳನ್ನೆಲ್ಲ, ಒಮ್ಮೆ ಕಳುಹಿಸಲಾಗುತ್ತದೆ. ಆ ನಡುವೆ ಬದಲಾದ ಪೇಜ್‌ಗಳನ್ನು, ಅಂದರೆ ಡರ್ಟಿ ಪೇಜ್‌ಗಳನ್ನು, ಮತ್ತೆ ಕಳುಹಿಸಲಾಗುತ್ತದೆ. ಉಳಿದದ್ದು ತೀರ ಕಡಿಮೆಯಾದಾಗ ಮೆಷಿನ್ನನ್ನು ಕ್ಷಣಕಾಲ ನಿಲ್ಲಿಸಿ ಕೊನೆಯ ಪೇಜ್‌ಗಳನ್ನು ಕಳುಹಿಸಿ ಆಚೆ ಕಡೆ ಎಬ್ಬಿಸಲಾಗುತ್ತದೆ. ದೋಣಿಗೆ ಒಳಬರುವ ನೀರಿಗಿಂತ ನಾವು ಮೊಗೆದು ಚೆಲ್ಲುವ ನೀರು ಹೆಚ್ಚಿದ್ದರೆ ಮಾತ್ರ ದೋಣಿ ಬರಿದಾಗುವ ಹಾಗೆ, ಇಲ್ಲಿಯೂ ಪೇಜ್‌ಗಳು ಬದಲಾಗುವ ವೇಗ ಸಂಪರ್ಕದ ವೇಗಕ್ಕಿಂತ ಕಡಿಮೆಯಿರಲೇಬೇಕು.

ಸಭೆಯ ಮುಂದೆ ನಾನು ಇಟ್ಟ ಲೆಕ್ಕ ಇದು. 100 ಮೆಗಾಬಿಟ್ ಎಂದರೆ ಹೆಚ್ಚೆಂದರೆ ಸೆಕೆಂಡಿಗೆ 12.5 ಮೆಗಾಬೈಟ್. 4 ಗಿಗಾಬೈಟ್ ಮೆಮೊರಿಯ ಮೊದಲ ಸುತ್ತಿಗೇ ಸುಮಾರು 328 ಸೆಕೆಂಡು, ಅಂದರೆ ಐದೂವರೆ ನಿಮಿಷ ಬೇಕು. ಸೆಕೆಂಡಿಗೆ 2 ಮೆಗಾಬೈಟ್ ಬದಲಾಗುತ್ತಿದ್ದರೆ ಎಲ್ಲ ಸುತ್ತುಗಳೂ ಸೇರಿ ಆರೂವರೆ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಅದೇ 10 ಮೆಗಾಬೈಟ್ ಬದಲಾಗುತ್ತಿದ್ದರೆ ಪ್ರತಿ ಸುತ್ತಿನಲ್ಲೂ ಹಿಂದಿನದರ ಐದನೇ ನಾಲ್ಕು ಭಾಗ ಹಾಗೆಯೇ ಉಳಿಯುತ್ತದೆ. ಆಗ ಒಟ್ಟು ಇಪ್ಪತ್ತೇಳು ನಿಮಿಷ ಬೇಕಾಗುತ್ತದೆ, ಅಷ್ಟು ಹೊತ್ತಿಗೆ ಯುಪಿಎಸ್ ಬರಿದಾಗಿರುತ್ತದೆ.

ಬದಲಾಗುವ ವೇಗ ಯಾವಾಗ ಹೆಚ್ಚುತ್ತದೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಬೆಳೆಯ ಕಾಲಮಾನದಲ್ಲಿದೆ. ಕೊಡಗಿನಲ್ಲಿ ಕರೆಂಟಿನ ತೊಂದರೆ ಎಂದರೆ ಎಲ್ಲರೂ ಜೂನ್, ಜುಲೈ ತಿಂಗಳ ಗಾಳಿಮಳೆಯನ್ನೇ ನೆನೆಯುತ್ತಾರೆ. ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕತ್ತಲೆ ಎಂಬುದು ನಿಜವೇ, ಆದರೆ ಆಗ ಡೇಟಾಬೇಸಿಗೆ ಹೆಚ್ಚು ಕೆಲಸವಿರುವುದಿಲ್ಲ, ಮೈಗ್ರೇಶನ್ ಸಲೀಸಾಗಿ ಮುಗಿಯುತ್ತದೆ. ನಿಜವಾದ ಅಪಾಯ ಇರುವುದು ಹೂಮಳೆಯ ಕಾಲದಲ್ಲಿ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆಯ ಮೊದಲ ಮಳೆ ಬರುವಾಗ. ರೋಬಸ್ಟಾ ಕೊಯ್ಲು ಮುಗಿಯುತ್ತಾ ಬಂದು, ಚೀಲಗಳು ಇನ್ನೂ ಬರುತ್ತಲೇ ಇದ್ದು, ಪಾವತಿಯ ಲೆಕ್ಕ ಮಧ್ಯಾಹ್ನದ ಹೊತ್ತಿಗೆ ತಾರಕಕ್ಕೇರಿರುವಾಗಲೇ ಗುಡುಗು ಸಿಡಿಲಿನೊಂದಿಗೆ ಮೋಡ ಕವಿಯುತ್ತದೆ. ಬೆಳೆಗಾರರು ವರ್ಷವಿಡೀ ಕಾಯುವ ಆ ಮಳೆಯೇ ನಮ್ಮ ಸರ್ವರಿನ ಪಾಲಿಗೆ ಅತ್ಯಂತ ಕಠಿಣ ಪರೀಕ್ಷೆ. ಮಳೆಗಾಲದಲ್ಲಿ ಪರೀಕ್ಷೆ ಮಾಡಿ, ಎಲ್ಲವೂ ಸರಿಯಿದೆ ಎಂದುಕೊಂಡವರು ಮಾರ್ಚ್ ತಿಂಗಳಲ್ಲಿ ತೊಂದರೆಗೆ ಸಿಲುಕುತ್ತಾರೆ ಎಂದು ನಾನು ಒತ್ತಿ ಹೇಳಿದೆ.

ಮಾತಿನ ಜೊತೆ ಪ್ರಾತ್ಯಕ್ಷಿಕೆಯೂ ಇತ್ತು. ಎರಡು ಲ್ಯಾಪ್‌ಟಾಪ್‌ಗಳ ನಡುವಿನ ಸಂಪರ್ಕವನ್ನು ಬೇಕೆಂದೇ 100 ಮೆಗಾಬಿಟ್‌ಗೆ ಇಳಿಸಿ, ಕಳುಹಿಸಲು ಉಳಿದಿರುವ ಮೆಮೊರಿಯ ಅಂಕಿಯನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿದೆ. ಅಂಕಿ ಇಳಿಯುತ್ತಾ ಇಳಿಯುತ್ತಾ ಸೊನ್ನೆಯ ಹತ್ತಿರ ಬಂದು, ಒಂದು ಸುತ್ತು ಮುಗಿದ ಕೂಡಲೇ ಮತ್ತೆ ಮೇಲಕ್ಕೆ ಜಿಗಿಯುತ್ತಿತ್ತು. ಮೂರನೆಯ ಸಲ ಜಿಗಿದಾಗ ಮುಂದಿನ ಸಾಲಿನಲ್ಲಿದ್ದವರೊಬ್ಬರು, "ಇದು ಮುಗಿಯೋದೇ ಇಲ್ವಾ ಸರ್?" ಎಂದು ಕೇಳಿಯೇ ಬಿಟ್ಟರು. ಡೇಟಾಬೇಸಿನ ಕೆಲಸವನ್ನು ಕಡಿಮೆ ಮಾಡಿದೊಡನೆ ಅದೇ ಅಂಕಿ ಸರಸರನೆ ಇಳಿದು ಮೆಷಿನ್ ಆಚೆಯ ಲ್ಯಾಪ್‌ಟಾಪಿನಲ್ಲಿ ಎದ್ದು ಕುಳಿತಿತು.

ಪ್ರಶ್ನೋತ್ತರದಲ್ಲಿ ಹೆಚ್ಚು ಚರ್ಚೆಯಾದದ್ದು ಪೋಸ್ಟ್‌ಕಾಪಿ ವಿಧಾನ. ಅದರಲ್ಲಿ ಮೆಷಿನ್ನನ್ನು ಮೊದಲೇ ಆಚೆ ಕಡೆ ಎಬ್ಬಿಸಿ, ಬೇಕಾದ ಪೇಜ್‌ಗಳನ್ನು ಆಮೇಲೆ ತರಿಸಿಕೊಳ್ಳಲಾಗುತ್ತದೆ. ಒಂದು ಪೇಜ್ ಎರಡು ಸಲ ಸಾಗುವ ಪ್ರಮೇಯವಿಲ್ಲದ್ದರಿಂದ ಕೆಲಸ ಖಂಡಿತ ಮುಗಿಯುತ್ತದೆ. ಹಾಗಿರುವಾಗ ಅದನ್ನೇ ಏಕೆ ಬಳಸಬಾರದು ಎಂದು ಹಲವರು ಕೇಳಿದರು. ನನ್ನ ಅಭಿಪ್ರಾಯ ಖಚಿತವಾಗಿದೆ. ಪೋಸ್ಟ್‌ಕಾಪಿ ನಡೆಯುತ್ತಿರುವಾಗ ಮೆಷಿನ್ನಿನ ಸ್ಥಿತಿ ಎರಡೂ ಸರ್ವರುಗಳಲ್ಲಿ ಹಂಚಿಹೋಗಿರುತ್ತದೆ. ನಡುವಿನ ಸಂಪರ್ಕ ಮಾತ್ರ ಕಡಿದರೆ ಅದನ್ನು ಸರಿಪಡಿಸಿ ಮುಂದುವರಿಸುವ ಸೌಲಭ್ಯ, ಕೆವಿಎಂ ಜೊತೆ ಮೆಷಿನ್ನನ್ನು ನಡೆಸುವ ಕ್ಯೂಎಮು ತಂತ್ರಾಂಶದಲ್ಲಿ ಈಗ ಇದೆ; ಆದರೆ ಹೊರಟ ಕಡೆಯ ಸರ್ವರಿನ ಕರೆಂಟೇ ಹೋದರೆ ಉಳಿದ ಪೇಜ್‌ಗಳು ಎಲ್ಲಿಂದ ಬರಬೇಕು? ಕರೆಂಟ್ ಹೋಗುತ್ತದೆಂದೇ ಮೆಷಿನ್ನನ್ನು ಸಾಗಿಸುವ ನಮ್ಮಂಥವರಿಗೆ ಅದು ತಕ್ಕ ದಾರಿಯಲ್ಲ. ಪೇಜ್‌ಗಳನ್ನು ಮೊದಲೇ ಕಳುಹಿಸುವ ಹಿಂದಿನ ವಿಧಾನದಲ್ಲಾದರೆ, ಅರ್ಧದಲ್ಲಿ ಸಂಪರ್ಕ ಕಡಿದರೂ ಹಳೆಯ ಜಾಗದಲ್ಲಿ ಮೆಷಿನ್ ಇಡಿಯಾಗಿ ಓಡುತ್ತಿರುತ್ತದೆ.

ಸಿಪಿಯು ವಿಷಯವನ್ನು ಬೇಗನೆ ಮುಗಿಸಿದೆ. ಎರಡು ಸರ್ವರುಗಳು ಬೇರೆ ಬೇರೆ ತಲೆಮಾರಿನವಾದರೆ ಎರಡಕ್ಕೂ ಸಾಮಾನ್ಯವಾದ ಸಿಪಿಯು ಮಾದರಿಯನ್ನೇ ವರ್ಚುವಲ್ ಮೆಷಿನ್ನಿಗೆ ಕೊಡಬೇಕು. ಇಲ್ಲದಿದ್ದರೆ ಹೊಸದರಲ್ಲಿ ಎದ್ದದ್ದು ಹಳೆಯದಕ್ಕೆ ಮರಳಲಾರದು.

ಉಳಿದ ಗೋಷ್ಠಿಗಳಲ್ಲಿ ನನ್ನನ್ನು ಬಹಳವಾಗಿ ಹಿಡಿದಿಟ್ಟದ್ದು ಮೆಮೊರಿಯನ್ನು ಗೂಢಲಿಪಿಯಲ್ಲಿಡುವ ಗೌಪ್ಯ ವರ್ಚುವಲ್ ಮೆಷಿನ್‌ಗಳ ಕುರಿತದ್ದು. ಎಎಂಡಿಯ ಎಸ್‌ಇವಿ, ಇಂಟೆಲ್‌ನ ಟಿಡಿಎಕ್ಸ್ ಎಂಬ ಸಿಪಿಯು ಸೌಲಭ್ಯಗಳಲ್ಲಿ ಮೆಷಿನ್ನಿನ ಪೇಜ್‌ಗಳನ್ನು ಹೈಪರ್‌ವೈಸರ್ ಕೂಡ ಓದಲಾರದು. ಓದಲಾರದ್ದನ್ನು ಸಾಮಾನ್ಯ ಕ್ರಮದಲ್ಲಿ ಸಾಗಿಸುವಂತೆಯೂ ಇಲ್ಲ. ಬೆಳೆಗಾರರ ಬ್ಯಾಂಕ್ ವಿವರಗಳನ್ನು ಕಾಯಬೇಕಾದ ನಮಗೆ ಆ ರಕ್ಷಣೆ ಬೇಕೇ ಬೇಕು, ಸಾಗಣೆಯೂ ಬೇಕು. ಈ ಎರಡನ್ನೂ ಸಣ್ಣ ಸರ್ವರುಗಳಲ್ಲಿ ಒಟ್ಟಿಗೆ ದೊರಕಿಸುವುದು ಈ ಕ್ಷೇತ್ರದ ಮುಂದಿರುವ ದೊಡ್ಡ ಕೆಲಸವೆಂದು ನನಗೆ ಅನಿಸುತ್ತದೆ.

ಚಹಾದ ವಿರಾಮದಲ್ಲಿ ಎಂಜಿನಿಯರ್ ಒಬ್ಬರು ಕೊಟ್ಟ ಸಲಹೆಯನ್ನು ಊರಿಗೆ ಬಂದ ಮೇಲೆ ಜಾರಿಗೆ ತಂದಿದ್ದೇನೆ. ಪೇಜ್‌ಗಳು ಬದಲಾಗುವ ವೇಗವನ್ನು ಅಳೆಯುವ ಆದೇಶ ಕ್ಯೂಎಮುವಿನಲ್ಲಿಯೇ ಇದೆ. ಕರೆಂಟ್ ಹೋದ ಸೂಚನೆ ಯುಪಿಎಸ್‌ನಿಂದ ಬಂದ ಕೂಡಲೇ ನಮ್ಮ ಸ್ಕ್ರಿಪ್ಟ್ ಈಗ ಮೊದಲು ಆ ವೇಗವನ್ನು ಅಳೆಯುತ್ತದೆ. ಸೆಕೆಂಡಿಗೆ 6 ಮೆಗಾಬೈಟ್‌ಗಿಂತ ಕಡಿಮೆಯಿದ್ದರೆ ಹತ್ತು ಹನ್ನೊಂದು ನಿಮಿಷದಲ್ಲಿ ಮುಗಿಯುವುದರಿಂದ ಮೈಗ್ರೇಶನ್ ಆರಂಭಿಸುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಸಾಗಿಸುವ ಗೋಜಿಗೆ ಹೋಗದೆ, ಮೆಷಿನ್ನಿನ ಸ್ಥಿತಿಯನ್ನೆಲ್ಲ ಅಲ್ಲಿಯೇ ಎಸ್‌ಎಸ್‌ಡಿಗೆ ಬರೆದು ಮಲಗಿಸುತ್ತದೆ. ಕರೆಂಟ್ ಬಂದಾಗ ಅದು ಬಿಟ್ಟಲ್ಲಿಂದಲೇ ಏಳುತ್ತದೆ. ತೂಕದ ಮೇಜಿನಲ್ಲಿರುವವರಿಗೆ ಅಷ್ಟು ಹೊತ್ತು ಚೀಟಿಯಲ್ಲಿ ಬರೆದುಕೊಳ್ಳುವಂತೆ ತಿಳಿಸಲಾಗಿದೆ.