ಹಂಚಿನ ಬೆನ್ನ ಮೇಲೆ 1865

ಧಾರವಾಡದಲ್ಲೇ ಹುಟ್ಟಿ ಬೆಳೆದರೂ, ದಿನಾ ದಾಟಿ ಹೋಗುವ ಆ ಹಳೇ ಚರ್ಚಿನೊಳಗೆ ನಾನು ಕಾಲಿಟ್ಟಿರಲಿಲ್ಲ. ಮೊನ್ನೆ ಶ್ರಾವಣದ ಜಿಟಿಜಿಟಿ ಮಳೆಗೆ ಗಾಡಿ ನಿಲ್ಲಿಸಿ ಅದರ ಕಮಾನಿನ ಕೆಳಗೆ ನಿಂತೆ. ಸೋರುವ ಕಡೆ ಹಂಚು ಬದಲಿಸಲು ಬಂದ ಬಡಿಗ ಕಾಕಾನೂ ಅಲ್ಲೇ ಕೂತು ಎಲೆಅಡಿಕೆ ಹಾಕುತ್ತಿದ್ದರು. 'ಒಳಗ ಬರ್ರೀ ಸರ, ಅಲ್ಲೇ ತೊಯ್ಸಿಕೊಂಡು ಯಾಕ ನಿಂತೀರಿ' ಅಂದರು.

ಒಳಗೆ ಮೂರ್ತಿ ಇಲ್ಲ, ಚಿತ್ರ ಇಲ್ಲ. ಸುಣ್ಣದ ಗೋಡೆ, ಮರದ ಶಿಲುಬೆ, ಪ್ರಸಂಗ ಮಾಡಲು ಒಂದು ಎತ್ತರದ ಪೀಠ, ಅಷ್ಟೇ. ಇದು ಬಾಸೆಲ್ ಮಿಷನ್‌ನವರ ಚರ್ಚು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಆ ಮಿಷನರಿ ಸಂಸ್ಥೆಯಿಂದ ಬಂದವರಲ್ಲಿ ಹೆಚ್ಚಿನವರು ಜರ್ಮನ್ನರು, ಪ್ರೊಟೆಸ್ಟಂಟರು. ಅವರಿಗೆ ನೋಡುವುದಕ್ಕಿಂತ ಕೇಳುವುದು ಮುಖ್ಯ. ಅದಕ್ಕೇ ಅಲ್ವಾ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದವರು ಕನ್ನಡ ಕಲಿಯಲು ಕೂತದ್ದು. ಅದೇ ಮಿಷನ್ನಿನ ಕಿಟ್ಟೆಲ್ 1853ರಲ್ಲಿ ಬಂದರು, 1894ಕ್ಕೆ ನಿಘಂಟನ್ನೇ ಅಚ್ಚು ಹಾಕಿಸಿಬಿಟ್ಟರು.

ಸೂರು ನೋಡಲು ಹೋದರೆ ಕತ್ತು ನೋಯುತ್ತದೆ, ಅಷ್ಟು ಎತ್ತರ. ದಪ್ಪ ಗೋಡೆ, ಅದರ ಮೇಲೆ ಮರದ ಕೈಂಚಿ, ಎರಡೂ ಕಡೆ ಕಡಿದಾಗಿ ಇಳಿದ ಹಂಚು. ನಮ್ಮಜ್ಜನ ಮನೆ ಮೇಲ್ಮುದ್ದಿಯದು, ಅಂದರೆ ಮಣ್ಣಿನ ಮಟ್ಟಸ ಮಾಳಿಗೆ. ಮಳೆ ಹಿಡಿದರೆ ಅಜ್ಜಿ ಪಾತೇಲಿ ಹಿಡಿದು ಕೋಣೆಯಿಂದ ಕೋಣೆಗೆ ಓಡುತ್ತಿದ್ದಳು.

ಕಾಕಾ ಇಳಿಸಿಟ್ಟ ಹಂಚೊಂದನ್ನು ಸುಮ್ನೆ ಮಗುಚಿದೆ. ಜೇಡರ ಬಲೆ ಒರೆಸಿದರೆ ಇಂಗ್ಲಿಷಿನಲ್ಲಿ ಬಾಸೆಲ್ ಮಿಷನ್ ಅಂತ ಉಬ್ಬಕ್ಷರ, ಜೊತೆಗೆ 1865. ಮೈ ಜುಮ್ಮೆಂದಿತು. ತಕ್ಷಣ ಫೋಟೋ ಹೊಡೆದು ಮನೆಯವರ ಗ್ರೂಪಿಗೆ ಹಾಕಿದೆ: 'ನೂರೈವತ್ತು ವರ್ಷ ದಾಟಿದ ಹಂಚು!'

ಕಾಕಾ ನಕ್ಕರು. 'ಅದು ಮಂಗಳೂರಾಗ ಕಾರ್ಖಾನಿ ಸುರು ಆದ ವರ್ಸ ರೀ ಸರ. ಹಂಚು ಯಾವಾಗ ಮಾಡಿದ್ರೂ ಅದ ಅಚ್ಚು ಒತ್ತತಿದ್ರು.'

ನನ್ನ ಮುಖ ಸಣ್ಣದಾಯಿತು. ಆದರೆ ಅವರು ಮಗುಚಿ ತೋರಿಸಿದ ಇನ್ನೊಂದು ಹಂಚು ನನಗೆ ಜಾಸ್ತಿ ಹಿಡಿಸಿತು. ಅಳತೆ ಅದೇ, ತೋಡು ಅದೇ, ಹೆಸರು ಮಾತ್ರ ಕಾಮನ್‌ವೆಲ್ತ್. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಹಿಡಿದಿಟ್ಟರು, ಮಿಷನ್ನಿನ ಹಂಚಿನ ಕಾರ್ಖಾನೆಗಳನ್ನು ವಶ ಮಾಡಿಕೊಂಡರು. ಅವು ಮುಂದೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ಅಂದರೆ ಆ ಯುದ್ಧ ಮುಗಿದ ಮೇಲೆ ಯಾವತ್ತೋ ಈ ಸೂರು ಸೋರಿದೆ. ಇವರಂಥ ಕಾಕಾ ಒಬ್ಬರು ಹತ್ತಿ ಒಡೆದದ್ದನ್ನು ತೆಗೆದು ಇದನ್ನು ಕೂರಿಸಿದ್ದಾರೆ.

ಮಳೆ ನಿಂತಿತು. ಕಾಕಾ ಏಣಿ ಹತ್ತಿದರು, ನಾನು ಕೆಳಗಿನಿಂದ ಒಂದೊಂದೇ ಹಂಚು ಎತ್ತಿಕೊಟ್ಟೆ. ಹಳೆಯವು ತೋಡಿಗೆ ತೋಡು ಸಿಕ್ಕಿ ಟಕ್ಕಂತ ಕೂತವು. ಪೇಟೆಯಿಂದ ತಂದ ಹೊಸದೊಂದು ಎಷ್ಟು ಅದುಮಿದರೂ ಕೂರಲಿಲ್ಲ. 'ಬ್ಯಾಡ, ಆ ಕಾಮನ್‌ವೆಲ್ತದ್ದ ಕೊಡ್ರಿ' ಅಂದರು.

ಅಷ್ಟರಲ್ಲಿ ಗ್ರೂಪಿನಲ್ಲಿ ನನ್ನ ಫೋಟೋಗೆ ಹನ್ನೆರಡು ಚಪ್ಪಾಳೆ ಬಿದ್ದಿದ್ದವು. ಇನ್ನೂ ತಿದ್ದಿಲ್ಲ.