ಕೋಲ್ಡ್ ಏರ್ ಇನ್‌ಟೇಕ್ ಹಾಕಿಸಿದರೆ ಎಚ್‌ಪಿ ಜಾಸ್ತಿ ಆಗುತ್ತಾ?

"ಅಣ್ಣಾ, ಕೋಲ್ಡ್ ಏರ್ ಇನ್‌ಟೇಕ್ ಹಾಕಿಸಿದ್ರೆ ಎಷ್ಟು ಎಚ್‌ಪಿ ಏರುತ್ತೆ?"

ನಮ್ಮ ವರ್ಕ್‌ಶಾಪಿಗೆ ಬರುವ ಹುಡುಗರು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಕಂಪನಿ ಕೊಟ್ಟ ಏರ್ ಫಿಲ್ಟರ್ ಡಬ್ಬಿ ತೆಗೆದು, ಆ ಜಾಗಕ್ಕೆ ಒಂದು ನುಣುಪಾದ ದಪ್ಪ ಪೈಪು, ಅದರ ತುದಿಗೆ ಕೋನ್ ಆಕಾರದ ಫಿಲ್ಟರ್ ಕೂರಿಸುವ ಕಿಟ್ ಅದು. ಎಚ್‌ಪಿ ಅಂದರೆ ಹಾರ್ಸ್‌ಪವರ್, ಇಂಜಿನ್ನಿನ ಶಕ್ತಿಯ ಅಳತೆ. ಹತ್ತು ಎಚ್‌ಪಿ ಸಿಗುತ್ತೆ, ಹದಿನೈದು ಸಿಗುತ್ತೆ ಅಂತ ಯಾರೋ ಹೇಳಿರುತ್ತಾರೆ. ಎರಡು ಮೂರು ತಿಂಗಳು ದುಡ್ಡು ಕೂಡಿಟ್ಟು ಬಂದಿರುತ್ತಾರೆ. ಅದಕ್ಕೇ ಈ ಪ್ರಶ್ನೆಗೆ ನಾನು ಸುಮ್ನೆ ಏನೋ ಒಂದು ಹೇಳಿ ಕಳಿಸುವುದಿಲ್ಲ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಟರ್ಬೊ (ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನ್) ಇಲ್ಲದ ಸಣ್ಣ ಪೆಟ್ರೋಲ್ ಕಾರಿಗೆ ಬೇರೇನೂ ಬದಲಿಸದೆ ಬರೀ ಈ ಕಿಟ್ ಹಾಕಿದರೆ, ಸಿಕ್ಕರೆ 1 ಎಚ್‌ಪಿ. ಟ್ರಾಫಿಕ್‌ನಲ್ಲಿ ಇದ್ದದ್ದೂ ಕಡಿಮೆಯಾಗಬಹುದು.

ಕಿಟ್‌ನ ಹಿಂದಿರುವ ಲೆಕ್ಕ ಸುಳ್ಳಲ್ಲ. 1 ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಜಾಸ್ತಿ ಗಾಳಿ ಒಳಗೆ ಹೋದರೆ ಜಾಸ್ತಿ ಪೆಟ್ರೋಲ್ ಉರಿಸಬಹುದು. ತಣ್ಣಗಿನ ಗಾಳಿ ಭಾರ. ಪ್ರತಿ 3 ಡಿಗ್ರಿ ತಣ್ಣಗಾದರೆ ಅಷ್ಟೇ ಜಾಗದಲ್ಲಿ ಶೇಕಡಾ 1ರಷ್ಟು ಹೆಚ್ಚು ಗಾಳಿ ಹಿಡಿಯುತ್ತದೆ. ಇದೆಲ್ಲ ಸರಿ. ಆದರೆ ಕಂಪನಿಯವರಿಗೆ ಇದು ಗೊತ್ತಿಲ್ಲವೇ?

ಹೋದ ವಾರ ಒಬ್ಬ ಹುಡುಗ 2018ರ ಸ್ವಿಫ್ಟ್ ತಂದಿದ್ದ. 1197 ಸಿಸಿ, ಕಂಪನಿ ಲೆಕ್ಕದಲ್ಲಿ ಸುಮಾರು 82 ಎಚ್‌ಪಿ. ಬಾನೆಟ್ ಎತ್ತಿ, ಫಿಲ್ಟರ್ ಡಬ್ಬಿಯಿಂದ ಹೊರಡುವ ಪ್ಲಾಸ್ಟಿಕ್ ಮೂತಿಯನ್ನು ಅವನ ಕೈಯಲ್ಲೇ ಸವರಿಸಿದೆ. ಅದು ಗಾಡಿಯ ಮುಂಭಾಗಕ್ಕೆ ಹೋಗಿ, ಹೊರಗಿನ ಗಾಳಿಗೇ ಬಾಯಿ ತೆರೆದುಕೊಂಡಿದೆ. ಅಂದರೆ ಕೋಲ್ಡ್ ಏರ್ ಇನ್‌ಟೇಕ್ ಗಾಡಿಯ ಜೊತೆಯಲ್ಲೇ ಬಂದಿದೆ, ಅಲ್ವಾ?

"ಆದ್ರೆ ಕಂಪನಿ ಫಿಲ್ಟರ್ ಗಾಳೀನ ತಡೆಯುತ್ತಂತೆ ಅಣ್ಣಾ" ಅಂದ. ತಡೆಯುತ್ತದೆ, ನಿಜ. ಎಷ್ಟು ಅನ್ನುವುದನ್ನು ಅಳೆದೇ ನೋಡೋಣ ಅಂದೆ. ಇದಕ್ಕೆ ದುಬಾರಿ ಯಂತ್ರ ಬೇಡ. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಟ್ಯೂಬ್ ಸಾಕು. ಅದನ್ನು ಇಂಗ್ಲಿಷ್ ಯು ಅಕ್ಷರದ ಹಾಗೆ ಬಗ್ಗಿಸಿ ಒಂದು ಹಲಗೆಗೆ ಕಟ್ಟಿದ್ದೇನೆ. ಒಳಗೆ ಬಣ್ಣದ ನೀರು. ಒಂದು ತುದಿಯನ್ನು ಫಿಲ್ಟರ್ ದಾಟಿದ ಮೇಲಿನ ಪೈಪಿಗೆ ಸಿಕ್ಕಿಸಬೇಕು, ಇನ್ನೊಂದು ತುದಿ ಹಾಗೇ ತೆರೆದಿರಬೇಕು. ಫಿಲ್ಟರ್ ಎಷ್ಟು ತಡೆಯುತ್ತದೋ ಅಷ್ಟು ನೀರು ಒಂದು ಕಡೆಗೆ ಏರುತ್ತದೆ.

ಖಾಲಿ ರಸ್ತೆ ಹುಡುಕಿ ಹೋದೆವು. ಗಾಡಿ ನಾನು ಓಡಿಸಿದೆ, ಅವನು ಪಕ್ಕದಲ್ಲಿ ಹಲಗೆ ಹಿಡಿದು ಕೂತ. ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. 6000 ಆರ್‌ಪಿಎಂ ಹೊತ್ತಿಗೆ ಈ ಇಂಜಿನ್ ಸೆಕೆಂಡಿಗೆ ಸುಮಾರು 50 ಲೀಟರ್ ಗಾಳಿ ಎಳೆಯುತ್ತದೆ. ಅಷ್ಟು ಎಳೆದರೂ ಎರಡು ಕಡೆಯ ನೀರಿನ ಮಟ್ಟಕ್ಕೆ ಇದ್ದ ವ್ಯತ್ಯಾಸ 23 ಸೆಂಟಿಮೀಟರ್.

ವಾಪಸ್ ಬಂದು ಡಬ್ಬಿ ಬಿಚ್ಚಿದೆ. ಫಿಲ್ಟರ್ ಮಡಿಕೆಗಳ ಒಳಗೆಲ್ಲ ಕೆಂಪು ಧೂಳು. ಮೂಲೆಯಲ್ಲಿ ಒಂದು ಒಣಗಿದ ಎಲೆ. 58,000 ಕಿ.ಮೀ. ಓಡಿದ ಗಾಡಿ, ಫಿಲ್ಟರ್ ಶೋರೂಮಿನಿಂದ ಬಂದದ್ದೇ ಇತ್ತು. ಹೊಸ ಪೇಪರ್ ಫಿಲ್ಟರ್ ಹಾಕಿ ಅದೇ ರಸ್ತೆಗೆ ಮತ್ತೆ ಹೋದೆವು. ಈ ಸಲ 14 ಸೆಂಟಿಮೀಟರ್.

ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಅಂದರೆ ಸುಮಾರು 9 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. 900 ಸೆಂಟಿಮೀಟರಿನಲ್ಲಿ 14 ಅಂದರೆ ಶೇಕಡಾ ಒಂದೂವರೆ. ಫಿಲ್ಟರನ್ನೇ ಕಿತ್ತು ಬಿಸಾಡಿ, ಪೈಪೂ ಇಲ್ಲದೆ ಓಡಿಸಿದರೂ ಸಿಗುವುದು ಹೆಚ್ಚೆಂದರೆ ಅಷ್ಟೇ. ಅಂದರೆ 1 ಎಚ್‌ಪಿ, ಸ್ವಲ್ಪ ಆಚೆ ಈಚೆ. ಯಾವ ಕಿಟ್ ಹಾಕಿದರೂ ಅದಕ್ಕೂ ಒಂದು ಫಿಲ್ಟರ್ ಇರಲೇಬೇಕು, ಅದೂ ಸ್ವಲ್ಪ ತಡೆಯುತ್ತದೆ.

ಇನ್ನು ಮೈಲೇಜ್. ಅರ್ಧ ಆಕ್ಸಿಲರೇಟರ್‌ನಲ್ಲಿ ಹೋಗುವಾಗ ಥ್ರಾಟಲ್ ಪ್ಲೇಟೇ, ಅಂದರೆ ಆಕ್ಸಿಲರೇಟರ್ ಒತ್ತಿದಂತೆ ತೆರೆಯುವ ಬಾಗಿಲೇ, ಗಾಳಿಯನ್ನು ಬೇಕಂತಲೇ ತಡೆದು ನಿಲ್ಲಿಸಿರುತ್ತದೆ. ಅಲ್ಲಿ ಫಿಲ್ಟರಿನ ಪಾತ್ರ ಏನೂ ಇಲ್ಲ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಇದನ್ನು ಪರೀಕ್ಷಿಸಿದ್ದರು. ಈಗಿನ ಫ್ಯೂಯೆಲ್ ಇಂಜೆಕ್ಷನ್ ಪೆಟ್ರೋಲ್ ಕಾರಿನಲ್ಲಿ ಫಿಲ್ಟರ್ ಕಟ್ಟಿಕೊಂಡರೂ ಮೈಲೇಜ್ ಹೆಚ್ಚುಕಡಿಮೆ ಅಷ್ಟೇ ಇತ್ತು. ಪೂರ್ತಿ ಒತ್ತಿದಾಗಿನ ಪಿಕಪ್ ಮಾತ್ರ ಬಿದ್ದಿತ್ತು.

ಕೋನ್ ಫಿಲ್ಟರನ್ನು ಬಾನೆಟ್ ಒಳಗೇ, ಇಂಜಿನ್ ಪಕ್ಕದಲ್ಲಿ ಕೂರಿಸುವವರೇ ಜಾಸ್ತಿ. ಆ ತರಹದ ಒಂದು ಗಾಡಿಗೆ ಏಪ್ರಿಲ್ ಬಿಸಿಲಲ್ಲಿ ಸ್ಕ್ಯಾನರ್ ಹಾಕಿಕೊಂಡು ಸಿಲ್ಕ್ ಬೋರ್ಡ್ ಕಡೆ ಹೋಗಿದ್ದೆ. ಹೊರಗೆ 34 ಡಿಗ್ರಿ. ಸಿಗ್ನಲ್‌ನಲ್ಲಿ ನಿಂತು ನಿಂತು, ಇಂಜಿನ್ ಉಸಿರಾಡುತ್ತಿದ್ದ ಗಾಳಿ 62 ಡಿಗ್ರಿ ಮುಟ್ಟಿತು. ಗಾಳಿಯ ತೂಕದಲ್ಲಿ ಶೇಕಡಾ 8 ಹೋಯಿತು. ಗಾಳಿ ಅಷ್ಟು ಬಿಸಿಯಾದಾಗ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಉರಿದು ಬಡಿಯುವುದು) ಆಗದಿರಲಿ ಅಂತ ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು, ಕಿಡಿ ಹಾರಿಸುವ ಹೊತ್ತನ್ನೂ (ಇಗ್ನಿಷನ್ ಟೈಮಿಂಗ್) ಹಿಂದಕ್ಕೆ ತಳ್ಳುತ್ತದೆ, ಪವರ್ ಇನ್ನೂ ಇಳಿಯುತ್ತದೆ. ಹೆಸರಿಗೆ ಕೋಲ್ಡ್, ಎಳೆಯುವುದು ಬಿಸಿ ಗಾಳಿ.

ವೇಗದಲ್ಲಿ ಹೋದರೆ ಗಾಳಿ ತಾನೇ ಒಳಗೆ ನುಗ್ಗುತ್ತೆ ಅನ್ನುವವರೂ ಇದ್ದಾರೆ. 100 ಕಿ.ಮೀ. ವೇಗದಲ್ಲಿ ಆ ನುಗ್ಗುವ ಒತ್ತಡ, ಸುತ್ತಲಿನ ಗಾಳಿಯ ಒತ್ತಡದ ಶೇಕಡಾ ಅರ್ಧ ಕೂಡ ಇಲ್ಲ. ನಿಜವಾಗಿ ಪವರ್ ಏರುವುದನ್ನು ನೋಡಬೇಕಾ? ಬೆಂಗಳೂರಿನಿಂದ ಮಂಗಳೂರಿಗೆ ಹೋಗಿ. ನಾವಿರುವುದು 900 ಮೀಟರ್ ಎತ್ತರದಲ್ಲಿ, ಸಮುದ್ರ ಮಟ್ಟಕ್ಕಿಂತ ಇಲ್ಲಿ ಗಾಳಿಯ ಒತ್ತಡ ಶೇಕಡಾ 10ರಷ್ಟು ಕಡಿಮೆ. ಅಲ್ಲಿನ ಸೆಕೆ ಸ್ವಲ್ಪ ಕಿತ್ತುಕೊಂಡರೂ, ಶಿರಾಡಿ ಘಾಟ್ ಇಳಿದರೆ ಸಿಗುವಷ್ಟನ್ನು ಯಾವ ಪೈಪೂ ಕೊಡುವುದಿಲ್ಲ.

ಹಾಗಾದರೆ ಹಾಕಿಸಿದವರಿಗೆ ಗಾಡಿ ಜೋರಾಗಿ ಓಡಿದ ಹಾಗೆ ಯಾಕೆ ಅನ್ನಿಸುತ್ತದೆ? ಸದ್ದು. ಕಂಪನಿ ಪೈಪಿನಲ್ಲಿ ಸದ್ದು ನುಂಗುವ ಒಂದು ಖಾಲಿ ಡಬ್ಬಿ ಇರುತ್ತದೆ, ರೆಸೊನೇಟರ್ ಅಂತ. ಕಿಟ್ ಹಾಕುವಾಗ ಅದೂ ಹೋಗುತ್ತದೆ. ಆಮೇಲೆ ಇಂಜಿನ್ ಗಾಳಿ ಎಳೆಯುವ ಗರ್ಜನೆ ಚೆನ್ನಾಗಿ ಕೇಳಿಸುತ್ತದೆ. ಅದು ನನಗೂ ಇಷ್ಟ. ಆ ಸದ್ದಿಗಾಗಿಯೇ ಹಾಕಿಸುತ್ತೇನೆ ಅನ್ನುವವರಿಗೆ ನಾನು ಬೇಡ ಅನ್ನುವುದಿಲ್ಲ.

ಪವರ್ ಬರುವ ಗಾಡಿಗಳೂ ಇವೆ. ಅಮೆರಿಕದ 5 ಲೀಟರ್ ವಿ8 ಇಂಜಿನ್ನಿಗೆ 400ಕ್ಕೂ ಹೆಚ್ಚು ಎಚ್‌ಪಿ ಇರುತ್ತದೆ. ಅಲ್ಲಿ ಶೇಕಡಾ 2 ಅಂದರೂ 8-10 ಎಚ್‌ಪಿ. ಟರ್ಬೊ ಗಾಡಿಗೆ ಇಸಿಯು ಮ್ಯಾಪ್ (ಅದರ ಸೆಟ್ಟಿಂಗ್) ಬದಲಿಸಿ, ಟರ್ಬೊನೇ ದೊಡ್ಡದು ಹಾಕಿದರೆ ಕಂಪನಿ ಡಬ್ಬಿ ಸಾಲದೆ ಬರಬಹುದು. ಆಗ ದೊಡ್ಡ ಇನ್‌ಟೇಕ್ ಬೇಕೇ ಬೇಕು. ಡೈನೊ (ಗಾಡಿಯ ಪವರ್ ಅಳೆಯುವ ಯಂತ್ರ) ಮೇಲಿನ ಚಾರ್ಟ್ ತೋರಿಸಿದರೆ ಒಂದು ವಿಷಯ ಕೇಳಿ: ಬಾನೆಟ್ ತೆರೆದಿತ್ತಾ, ಮುಂದೆ ದೊಡ್ಡ ಫ್ಯಾನ್ ಇತ್ತಾ? ರಸ್ತೆಯಲ್ಲಿ ನೀವು ಬಾನೆಟ್ ತೆರೆದು ಓಡಿಸುವುದಿಲ್ಲವಲ್ಲ.

ನನಗೆ ನಿಜವಾಗಿ ಭಯ ಇರುವುದು ಮಳೆಯದ್ದು. ತಣ್ಣಗಿನ ಗಾಳಿ ಸಿಗಲಿ ಅಂತ ಕೆಲವರು ಫಿಲ್ಟರನ್ನು ಬಂಪರ್ ಹಿಂದೆ, ಚಕ್ರದ ಮುಂದೆ, ತೀರಾ ಕೆಳಗೆ ಇಳಿಸುತ್ತಾರೆ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು ಕಡೆ ರಸ್ತೆಗಳು ಕೆರೆಯಾದವಲ್ಲ, ಆಗ ಅಂಥದ್ದೊಂದು ಗಾಡಿ ಟೋ ಆಗಿ ನಮ್ಮಲ್ಲಿಗೆ ಬಂತು. ಇಂಜಿನ್ ಬಿಚ್ಚಿದಾಗ ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸುವ ಒಂದು ಕನೆಕ್ಟಿಂಗ್ ರಾಡ್ ಬಾಳೆಕಾಯಿ ಹಾಗೆ ಬಾಗಿತ್ತು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಆ ಸ್ವಿಫ್ಟ್ ಇಂಜಿನ್ನಿನ ಒಂದು ಸಿಲಿಂಡರ್ ಸುಮಾರು 300 ಸಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 30 ಸಿಸಿ. ಕೆಮ್ಮಿನ ಔಷಧಿಯ 10 ಎಂಎಲ್ ಮುಚ್ಚಳದಲ್ಲಿ ಮೂರು ಸಲ ಹಿಡಿಯುವಷ್ಟು. ಅದಕ್ಕಿಂತ ಜಾಸ್ತಿ ನೀರು ಒಳಗೆ ಹೋದರೆ ರಾಡ್ ಬಾಗಲೇಬೇಕು. ಇಂಥ ಖರ್ಚನ್ನು ಮಾಮೂಲಿ ಇನ್ಶೂರೆನ್ಸ್ ಸಾಮಾನ್ಯವಾಗಿ ಕೊಡುವುದಿಲ್ಲ, ಇಂಜಿನ್ನಿಗೆ ಅಂತಲೇ ಬೇರೆ ಕವರ್ ತೆಗೆದುಕೊಂಡಿರಬೇಕು.

ಹಾಗಾಗಿ ಕಿಟ್ ಹಾಕಿಸಿದ್ದರೆ ಕಂಪನಿ ಡಬ್ಬಿಯನ್ನು ಗುಜರಿಗೆ ಹಾಕಬೇಡಿ. ಅಟ್ಟದ ಮೇಲೆ ಇಡಿ, ಮಳೆಗಾಲ ಶುರುವಾಗುವ ಮೊದಲು ವಾಪಸ್ ಕೂರಿಸಿ. ಅರ್ಧ ಗಂಟೆ ಕೆಲಸ. ನಿಂತ ನೀರಿನಲ್ಲಿ ಗಾಡಿ ಆಫ್ ಆದರೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ, ಅದು ಯಾವ ಗಾಡಿಯೇ ಇರಲಿ. ತಳ್ಳಿಸಿ ಪಕ್ಕಕ್ಕೆ ತನ್ನಿ, ಟೋ ಮಾಡಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಳಗಿನ ನೀರು ಹೊರಗೆ ಹಾಕಿಸಿ, ಆಯಿಲ್ ನೋಡಿಸಿ. ಸ್ಟಾರ್ಟ್ ಮಾಡುವುದು ಅದಾದ ಮೇಲೆ.