ಒದ್ದೆ ಬೂಟು

ಸಂಡೂರಿನ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ತಮ್ಮನ ಬೂಟುಗಳು ಮಳೆನೀರನ್ನೂ ಕೆಂಪು ಅದಿರಿನ ಕೆಸರನ್ನೂ ಕುಡಿದು ಕಲ್ಲಿನಂತೆ ಭಾರವಾಗಿದ್ದವು. ಒಣಗಿಸುವ ಯಂತ್ರವೂ ಇಂದೇ ನಿಂತಿತು.

ಹಿಂದೆ ತರಿಸಿದ್ದ ವಿದೇಶಿ ಯಂತ್ರವು ಬಿಡಿಭಾಗ ಸಿಗದೆ ಅಟ್ಟ ಸೇರಿದೆ. ಇದು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು: ನಾಲ್ಕು ಕೊಳವೆ, ಕೆಳಗೊಂದು ಬ್ಲೋವರ್, ಸಣ್ಣ ಹೀಟರ್ ಕಾಯಿಲ್. ನೋಡಲು ಚೆಂದವಿಲ್ಲ, ಸದ್ದಂತೂ ಹಿಟ್ಟಿನ ಗಿರಣಿಯದೇ. ಆದರೆ ಬೂಟನ್ನು ಒಣಗಿಸುವುದು ಬಿಸಿಗಿಂತ ಹೆಚ್ಚಾಗಿ ಅದರೊಳಗೆ ಹರಿಯುವ ಗಾಳಿಯೆಂದೂ, ಬಿಸಿ ಅತಿಯಾದರೆ ಚರ್ಮ ಬಿರಿದು ಅಡಿಯ ಅಂಟು ಬಿಡುತ್ತದೆಯೆಂದೂ ಬಲ್ಲ ಮೇಸ್ತ್ರಿಯವರು ಕಾಯಿಲನ್ನು ಬೇಕೆಂದೇ ಚಿಕ್ಕದಾಗಿ ಇಟ್ಟಿದ್ದರು.

ಹತ್ತು ಗಂಟೆಗೆ ಒಯ್ದೆ. ಮಧ್ಯಾಹ್ನದೊಳಗೆ ಮೋಟರು ಬದಲಾಯಿತು. ರಾತ್ರಿ ಮತ್ತೆ ಪಾಳಿಗೆ ಹೊರಟ ತಮ್ಮ ಬೂಟಿನೊಳಗೆ ಕೈಯಿಟ್ಟು ನೋಡಿ, “ಅಕ್ಕಾ, ಬೆಚ್ಚಗೈತಿ” ಎಂದ.